ಮಂಚದ ಕೆಳಗಿನ ಮಡಕೆ

ಗದ್ವಾಲ
14 ಆಗಸ್ಟ್ 2024, ಬುಧವಾರ

ಅಣ್ಣ ಗುರುಲಿಂಗನಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನಾನು ಕ್ಷೇಮವಾಗಿಲ್ಲ. ಮೊನ್ನೆ ಶ್ರಾವಣ ಸೋಮವಾರ ಸಾಯುವುದು ಸ್ವಲ್ಪದರಲ್ಲಿ ತಪ್ಪಿತು. ಫೋನ್ ಮಾಡೋಣವೆಂದರೆ ಈ ಮನೆಯಲ್ಲಿ ಸೊಸೆಯಾದವಳು ಪಡಸಾಲೆಯಲ್ಲಿ ಕುಳಿತು ಎಲ್ಲರಿಗೂ ಕೇಳುವ ಹಾಗೆ ಮಾತಾಡಬೇಕು. ಅದಕ್ಕೇ ಕಾಗದ. ಇವರೆಲ್ಲ ಮನೆಯಲ್ಲಿ ಆಡುವುದು ಕನ್ನಡ, ಓದಲು ಬರುವುದು ತೆಲುಗು ಮಾತ್ರ. ನೀನು ನನ್ನನ್ನು ನಾರಾಯಣಪೇಟೆಯ ಕನ್ನಡ ಶಾಲೆಗೆ ಹಾಕಿದ್ದು ಇವತ್ತು ಉಪಯೋಗಕ್ಕೆ ಬಂತು.

ನಾಲ್ಕು ವರ್ಷದ ಹಿಂದೆ, ಮದುವೆಯ ಹಿಂದಿನ ದಿನ, ನನ್ನ ಕೊರಳಿನ ಲಿಂಗ ಮುಟ್ಟಿಸಿ ಆಣೆ ಹಾಕಿಸಿಕೊಂಡೆಯಲ್ಲ, ನೆನಪಿದೆಯೇ? "ಶುಗರ್ ಐತಂತ ಆ ಮನ್ಯಾಗ ಯಾರ ಮುಂದೂ ಬಾಯಿ ಬಿಡಬ್ಯಾಡ ತಂಗಿ" ಎಂದೆ. ಹನ್ನೆರಡನೆಯ ವಯಸ್ಸಿನಿಂದ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಂಡು ಬದುಕಿದವಳು ನಾನು. ಅಂದಿನಿಂದ ಕಳ್ಳಿಯಾದೆ. ಔಷಧಿಯ ಸೀಸೆ ತಣ್ಣಗಿರಬೇಕು, ಫ್ರಿಜ್ಜಿನಲ್ಲಿಟ್ಟರೆ ಇದೇನೆಂದು ಅತ್ತೆ ಕೇಳುತ್ತಾರೆ. ಅದಕ್ಕೆ ಮಂಚದ ಕೆಳಗೆ ಒಂದು ಮಡಕೆಯಲ್ಲಿ ಹಸಿ ಮರಳು ತುಂಬಿ ಅದರೊಳಗೆ ಹೂತಿಟ್ಟಿದ್ದೇನೆ. ಬಚ್ಚಲಲ್ಲಿ ನಿಂತು, ನಲ್ಲಿ ತಿರುಗಿಸಿಟ್ಟು ಚುಚ್ಚಿಕೊಳ್ಳುತ್ತೇನೆ. ಎಸೆಯಲು ಜಾಗವಿಲ್ಲವೆಂದು ಒಂದೇ ಸೂಜಿಯನ್ನು ಮೊಂಡಾಗುವವರೆಗೆ ಬಳಸುತ್ತೇನೆ. ಬೆರಳು ಚುಚ್ಚಿ ರಕ್ತ ನೋಡಿಕೊಳ್ಳುವುದು ವಾರಕ್ಕೊಮ್ಮೆ, ಅದೂ ಅತ್ತೆ ಗುಡಿಗೆ ಹೋದರೆ. ಗಂಡನಿಗೆ ಮೂರೇ ತಿಂಗಳಲ್ಲಿ ಗೊತ್ತಾಯಿತು. "ಅವ್ವಗ ತಿಳೀಬಾರದು" ಎಂದು ಶಿವಕಾಂತರೂ ನಿನ್ನ ಪಕ್ಷ ಸೇರಿದರು. ಎರಡು ಸಲ ಬಸಿರು ಇಳಿದುಹೋಯಿತು. ಕರ್ನೂಲಿನ ಡಾಕ್ಟರು ಸಕ್ಕರೆ ಹತೋಟಿಯಲ್ಲಿರಲಿಲ್ಲ ಎಂದರು, ಅತ್ತೆ ನನ್ನ ನಕ್ಷತ್ರ ಸರಿಯಿಲ್ಲ ಎಂದರು. ಎರಡನ್ನೂ ಬಾಯಿ ಮುಚ್ಚಿಕೊಂಡು ಕೇಳಿದೆ.

ಸೋಮವಾರ ಮನೆಯಲ್ಲಿ ಪಾದಪೂಜೆ ಇತ್ತು. ಮಕ್ತಲ್‌ನ ಜಂಗಮ ಶರಣಯ್ಯನವರು ಎಂಟೂವರೆಗೆ ಬರುತ್ತೇನೆಂದಿದ್ದರು. ಅವರ ಪಾದಪೂಜೆಯಾಗಿ ಪಾದೋದಕ ಸಿಗುವ ತನಕ ಇಲ್ಲಿ ಯಾರ ಬಾಯಿಗೂ ಹನಿ ನೀರು ಬೀಳುವಂತಿಲ್ಲ. ಒಂಬತ್ತರೊಳಗೆ ಊಟವಾಗುತ್ತದೆಂದು ಎಣಿಸಿ ಎಂಟಕ್ಕೆ ಚುಚ್ಚಿಕೊಂಡೆ. ಒಂಬತ್ತಾಯಿತು, ಹತ್ತಾಯಿತು, ಅಯ್ಯನವರಿಲ್ಲ. ಔಷಧಿ ಹೊಟ್ಟೆಯೊಳಗೆ ತನ್ನ ಕೆಲಸ ತಾನು ಮಾಡುತ್ತಿತ್ತು, ಅದಕ್ಕೇನು ಪಾದಪೂಜೆ ಗೊತ್ತೇ? ಮೈಯೆಲ್ಲ ಬೆವರಿತು, ಕೈ ನಡುಗಿತು. ಹೋಳಿಗೆಯ ಬುಟ್ಟಿ ಕಣ್ಣ ಮುಂದೆಯೇ ಇತ್ತು. ಒಂದು ಚೂರು ಮುರಿಯಲು ಹೋದೆ. ಅತ್ತೆ ಶೇಖಮ್ಮನವರು ಕೈ ಮೇಲೆ ಹೊಡೆದರು. "ಅಯ್ಯಾರು ಬರೋತನ ತಡಕೊಳ್ಳಾಕ ಆಗಂಗಿಲ್ಲೇನು? ನಿಮ್ಮ ಮನ್ಯಾಗ ಇದನ್ನ ಕಲಿಸ್ಯಾರೇನು?"

ಒಂದು ಮಾತು ಹೇಳಿದ್ದರೆ ಸಾಕಿತ್ತು. ನಿನ್ನ ಆಣೆ ನಾಲಿಗೆ ಹಿಡಿಯಿತು. ಆಮೇಲಿನದು ನೆನಪಿಲ್ಲ.

ಅಯ್ಯನವರು ಹತ್ತೂವರೆಗೆ ಬಂದಾಗ ನಾನು ಅಡುಗೆಮನೆಯ ನೆಲದ ಮೇಲಿದ್ದೆನಂತೆ, ಅತ್ತೆ ಹಣೆಗೆ ವಿಭೂತಿ ಬಳಿಯುತ್ತಿದ್ದರಂತೆ. ಅಯ್ಯನವರು ಕೈ ಮುಟ್ಟಿ ನೋಡಿದವರೇ ತಮ್ಮ ಜೋಳಿಗೆಯಿಂದ ಸಕ್ಕರೆಯ ಪೊಟ್ಟಣ ತೆಗೆದು ನನ್ನ ಒಸಡಿಗೆ ತಿಕ್ಕಿದರು. ನಾನು ಕಣ್ಣು ಬಿಟ್ಟಾಗ ಎಲ್ಲರಿಗೂ ಕೇಳುವಂತೆ "ಉಪಾಸದ ಚಕ್ಕರ, ಏನಿಲ್ಲ" ಎಂದರು. ನನ್ನ ಕಿವಿಯಲ್ಲಿ ಮಾತ್ರ, "ಎಷ್ಟ್ ವರ್ಷಾತವ್ವಾ?" ಎಂದು ಕೇಳಿದರು. ಅವರ ಜೋಳಿಗೆಯಲ್ಲಿ ಸಕ್ಕರೆ ಯಾಕಿತ್ತೋ, ಕೇಳಲು ನನಗೆ ಚೈತನ್ಯವಿರಲಿಲ್ಲ.

ಅವರು ನಾಳೆ ಮಕ್ತಲ್‌ಗೆ ಮರಳಿ ಅಲ್ಲಿಂದ ನಿಮ್ಮೂರಿಗೆ ಬರುತ್ತಾರೆ. ಈ ಕಾಗದ ಅವರ ಕೈಯಲ್ಲೇ ಕೊಡುತ್ತೇನೆ. ಆಣೆ ಹಾಕಿಸಿದವನು ನೀನು, ಬಿಡಿಸಬೇಕಾದವನೂ ನೀನೇ. "ಹೇಳಿಬಿಡು" ಎಂದು ಒಂದು ಸಾಲು ಬರೆ. ಬೇರೇನೂ ಬೇಡ.

ನಿನ್ನ ತಂಗಿ
ಉಮಾಶ್ರೀ

•

ನಾರಾಯಣಪೇಟೆ
20 ಆಗಸ್ಟ್ 2024

ಚಿ. ಸೌ. ಉಮಾಶ್ರೀಗೆ ಅಣ್ಣನ ಆಶೀರ್ವಾದ.

ನಿನ್ನ ಕಾಗದ ಓದಿ ಮೈ ಉರಿಯಿತು. ಪಾದಪೂಜೆ ಎಂದಾದರೂ ಹೇಳಿದ ಹೊತ್ತಿಗೆ ಆಗಿದೆಯೇ? ಅಯ್ಯನವರು ಹೊಸ್ತಿಲು ದಾಟಿದ ಮೇಲೆ ಚುಚ್ಚಿಕೊಂಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನೀನು ಮಾಡಿಕೊಂಡ ತಪ್ಪನ್ನು ನನ್ನ ತಲೆಗೆ ಕಟ್ಟಬೇಡ.

ಅಪ್ಪ ಸತ್ತಾಗ ನಿನಗೆ ಒಂಬತ್ತು ವರ್ಷ. ಕಾಯಿಲೆ ಬಂದ ಮೇಲೆ ತಿಂಗಳು ತಿಂಗಳು ಸೀರೆ ಅಂಗಡಿ ಮುಚ್ಚಿ ರಾಯಚೂರಿಗೆ ಹೋಗಿ, ಐಸ್ ಹಾಕಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಿನ್ನ ಔಷಧಿ ತಂದವನು ಯಾರು? ಮೊದಲ ಮೂರು ಸಂಬಂಧಗಳಿಗೆ ನಾನು ನಿಜವನ್ನೇ ಹೇಳಿದ್ದೆ. ಮೂವರೂ ಚಹಾ ಕುಡಿದು ಎದ್ದುಹೋದರು. ನಾಲ್ಕನೆಯವರಿಗೆ ಹೇಳಲಿಲ್ಲ, ಅದಕ್ಕೇ ಇವತ್ತು ನಿನ್ನ ಕೊರಳಲ್ಲಿ ತಾಳಿ ಇದೆ. ಅದನ್ನು ಮರೆತು ನನ್ನ ಮೇಲೆ ಹಾರಾಡುತ್ತೀಯ.

ಈಗ ನಮ್ಮ ಭುವನೇಶ್ವರಿಗೆ ಐಜದಿಂದ ಸಂಬಂಧ ಬಂದಿದೆ. ಹುಡುಗನ ಹೆಸರು ಭಾನುಪ್ರಕಾಶ, ಹತ್ತಿಯ ವ್ಯಾಪಾರಸ್ಥರು. ಗದ್ವಾಲದಲ್ಲಿ ಅವರಿಗೆ ಮನೆಗೊಬ್ಬರು ಪರಿಚಯ. ಸೋದರತ್ತೆಗೆ ಚಿಕ್ಕಂದಿನಿಂದ ಶುಗರ್ ಎಂದು ಸುದ್ದಿ ಹೋದರೆ ನನ್ನ ಮಗಳನ್ನು ಯಾರು ತೆಗೆದುಕೊಳ್ಳುತ್ತಾರೆ? ಅವಳಿಗಿನ್ನೂ ಹತ್ತೊಂಬತ್ತು. ಹುಡುಗಿ ಈಗ ಲಕ್ಷಣವಾಗಿ ತೆಳ್ಳಗಾಗಿದ್ದಾಳೆ. ಎರಡು ತಿಂಗಳ ಹಿಂದೆ ಹೊಲಿಸಿದ ಕುಪ್ಪಸ ಸಡಿಲವಾಗಿದೆ, ಸೀರೆ ಚೆನ್ನಾಗಿ ಒಪ್ಪುತ್ತದೆ ಎಂದು ನಿನ್ನ ಅತ್ತಿಗೆಗೆ ಖುಷಿ. ಈ ಮಳೆಗಾಲದಲ್ಲೂ ಕೊಡ ನೀರು ಅವಳೊಬ್ಬಳೇ ಖಾಲಿ ಮಾಡುತ್ತಾಳೆ, ಮದುವೆಯ ಚಿಂತೆ ಎಂದು ನಾವು ನಗುತ್ತೇವೆ.

ಆಣೆ ಆಣೆಯೇ. ಭುವಿಯ ಮದುವೆ ಮುಗಿಯುವವರೆಗೆ ಇನ್ನೊಂದು ಆರು ತಿಂಗಳು ತಡೆದುಕೋ.

ಗುರುಲಿಂಗ

•

ಗದ್ವಾಲ
29 ಆಗಸ್ಟ್ 2024

ಅಣ್ಣ,

ಆರು ತಿಂಗಳು ಬೇಕಾಗಲಿಲ್ಲ. ಶನಿವಾರ ಮಂಚ ಸರಿಸಿ ಕಸ ಗುಡಿಸುವಾಗ ಅತ್ತೆಗೆ ಮಡಕೆ ಸಿಕ್ಕಿತು. ಮರಳು ಕೆದಕಿ ಸೀಸೆ ತೆಗೆದು ನನ್ನ ಮುಖದ ಮುಂದೆ ಹಿಡಿದರು. ನಾನು ಹೇಳಿಬಿಟ್ಟೆ. ನಿನ್ನ ಆಣೆ ಮುರಿಯಿತು, ಆಕಾಶವೇನೂ ಬೀಳಲಿಲ್ಲ.

ಬಿದ್ದದ್ದು ಔಷಧಿ. "ಈ ಇಂಜೆಕ್ಷನ್ನೇ ಅವತ್ತು ನಿನ್ನ ಕೆಡವ್ಯಾದ. ಎರಡು ಕೂಸು ತಿಂದದ್ದೂ ಇದೇ. ಇದು ನಿಂತ್ರ ನೀ ಚಲೋ ಆಗ್ತಿ" ಎಂದು ಎರಡೂ ಸೀಸೆಗಳನ್ನು ಮೋರಿಗೆ ಸುರಿದರು. ನೋಡು ಅಣ್ಣ, ಅವರು ನನ್ನನ್ನು ಕೊಲ್ಲಲು ಮಾಡಿದ್ದಲ್ಲ. ಬದುಕಿಸಲು ಮಾಡಿದ್ದು. ಚುಚ್ಚಿಕೊಂಡ ಮೇಲೆ ಉಣ್ಣದಿದ್ದರೆ ಬೀಳುತ್ತಾರೆ, ಚುಚ್ಚಿಕೊಳ್ಳದೆ ಹೋದರೆ ಸಾಯುತ್ತಾರೆ, ಇದನ್ನು ಅವರಿಗೆ ಯಾರು ಹೇಳಿದ್ದರು? ನಾಲ್ಕು ವರ್ಷ ನೀನೂ ನಾನೂ ಸೇರಿ ಅವರನ್ನು ಕತ್ತಲಲ್ಲಿಟ್ಟೆವು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ವಾಂತಿ ಶುರುವಾಯಿತು, ಉಸಿರು ಮೇಲೆ ಮೇಲೆ ಬಂತು. ಶಿವಕಾಂತರು ಕೈ ಹಿಸುಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಔಷಧಿ ಅಂಗಡಿ ಮನೆಯಿಂದ ನೂರು ಹೆಜ್ಜೆ. ಆದರೆ ತಾಯಿಯ ಎದುರು ಮಾತಾಡಲು ಅವರಿಗೆ ಅಯ್ಯನವರೇ ಬೇಕಾಯಿತು. ಜುರಾಲಾ ಅಣೆಕಟ್ಟೆ ದಾಟಿ ಮಕ್ತಲ್‌ಗೆ ಹೋಗಿ ಶರಣಯ್ಯನವರನ್ನು ಬೈಕಿನ ಮೇಲೆ ಕೂರಿಸಿಕೊಂಡು ಬಂದರು, ಬರುತ್ತಾ ಔಷಧಿ ತಂದರು. ನನ್ನ ಗಂಡನ ಪೌರುಷ ಅಷ್ಟು. ಚುಚ್ಚಿಕೊಂಡ ಮೇಲೆ ರಾತ್ರಿಯ ಹೊತ್ತಿಗೆ ಉಸಿರು ಹತೋಟಿಗೆ ಬಂತು.

ಅಯ್ಯನವರು ಕುಳಿತವರೇ ಅಂಗಿ ಎತ್ತಿ ತಮ್ಮ ಹೊಟ್ಟೆಯ ಮೇಲಿನ ಚುಕ್ಕೆಗಳನ್ನು ತೋರಿಸಿದರು. "ಶೇಖಮ್ಮ, ನನಗೂ ಹದಿನೈದು ವರ್ಷದಿಂದ ಐತಿ. ನಾನೂ ದಿನಾ ಚುಚ್ಕೊಳ್ತೀನಿ. ಅವತ್ತ ತಡ ಯಾಕಾತು ಕೇಳು. ಮಕ್ತಲ್ ಬಸ್‌ಸ್ಟ್ಯಾಂಡಿನ್ಯಾಗ ಕುಂತು ಉಪ್ಪಿಟ್ಟು ತಿಂದು ಬಂದೆ. ಅದಕ್ಕ ಬಸ್ ತಪ್ಪಿತು."

ಅತ್ತೆ ಎದ್ದು ನಿಂತರು. "ನಾವಿಲ್ಲಿ ನೀರ್ ಸುದ್ದಾ ಮುಟ್ಟದ ನಿಮ್ಮ ದಾರಿ ಕಾಯಾಕ ಹತ್ತಿದ್ವಿ. ನೀವು ಉಪ್ಪಿಟ್ಟು ತಿಂದ್ರಿ?"

"ತಿಂದೆ. ತಿನ್ನದಿದ್ರ ನಿನ್ನ ಸೊಸಿ ಬಿದ್ದಂಗ ನಾನೂ ಬೀಳ್ತಿದ್ದೆ. ಭಕ್ತರು ಏನಂತಾರೋ ಅಂತ ಮುಚ್ಚಿಟ್ಟೆ. ತಪ್ಪು ನಂದು."

ನನಗೆ ನಗಬೇಕೋ ಅಯ್ಯನವರ ಜುಟ್ಟು ಹಿಡಿಯಬೇಕೋ ತಿಳಿಯಲಿಲ್ಲ. ಈ ಸೀಮೆಯಲ್ಲಿ ಎಷ್ಟು ಜನ ಹೀಗೆ ಬಚ್ಚಿಟ್ಟುಕೊಂಡು ತಿನ್ನುತ್ತಿದ್ದಾರೆ, ಬಚ್ಚಿಟ್ಟುಕೊಂಡು ಚುಚ್ಚಿಕೊಳ್ಳುತ್ತಿದ್ದಾರೆ! ಮೂರನೆಯ ದಿನ ಅತ್ತೆ, "ಫ್ರಿಜ್ಜಿನ್ಯಾಗ ಇಡು. ಮೊಸರಿನ ಗಡಗಿಗೆ ತಾಗಸಬ್ಯಾಡ" ಎಂದರು. ಅಷ್ಟು ಸಿಕ್ಕಿತು.

ಈಗ ನಿಜವಾದ ಮಾತು. ನಿನ್ನ ಕಾಗದದಲ್ಲಿ ಭುವಿಯ ಬಗ್ಗೆ ಬರೆದ ಸಾಲುಗಳನ್ನು ಹತ್ತು ಸಲ ಓದಿದೆ. ಏಳನೇ ಕ್ಲಾಸಿನಲ್ಲಿ ನನ್ನ ಲಂಗ ಸಡಿಲವಾದಾಗ ಅವ್ವ ನಿಮ್ಮ ಹಾಗೆಯೇ ನಕ್ಕಿದ್ದಳು. ನಾನೂ ಕೊಡ ಕೊಡ ನೀರು ಕುಡಿದಿದ್ದೆ. ಅದು ಮದುವೆಯ ಚಿಂತೆಯಲ್ಲ. ನನ್ನ ಬೆರಳು ಚುಚ್ಚಿ ನೋಡುವ ಯಂತ್ರವನ್ನೇ ಅಯ್ಯನವರ ಕೈಯಲ್ಲಿ ಕಳಿಸಿದ್ದೇನೆ, ಹೇಗೆ ನೋಡುವುದೆಂದು ಅವರಿಗೆ ಗೊತ್ತು. ತಲುಪಿದ ದಿನವೇ ಅವಳ ರಕ್ತ ನೋಡಿಸು. ಒಂದು ಹನಿ ರಕ್ತ ಅಣ್ಣ, ಅಷ್ಟೇ.

ಉಮಾ

•

ನಾರಾಯಣಪೇಟೆ
9 ಸೆಪ್ಟೆಂಬರ್ 2024

ಉಮಾಶ್ರೀಗೆ,

ನನ್ನ ಮಗಳ ಮೇಲೆ ನಿನ್ನ ಕಣ್ಣು ಹಾಕಬೇಡ. ನಿನಗೆ ಬಂದದ್ದು ಎಲ್ಲರಿಗೂ ಬರಲಿ ಎಂಬ ಬುದ್ಧಿ ಯಾವಾಗ ಬಂತು? ಯಂತ್ರವನ್ನು ಬಿಚ್ಚದೆ ಅಯ್ಯನವರಿಗೆ ಹಿಂದಕ್ಕೆ ಕೊಟ್ಟಿದ್ದೇನೆ. ಸೂಜಿ ಹಿಡಿದು ಬಂದರೆ ನನ್ನ ಮನೆಗೂ ಬರಬೇಡಿ ಎಂದು ಅವರಿಗೂ ಹೇಳಿದೆ.

ಹದಿನೈದನೆಯ ತಾರೀಖು ಭಾನುವಾರ ಐಜದವರು ಬಂದು ಹುಡುಗಿಗೆ ಸಕ್ಕರೆ ತಿನ್ನಿಸಿ ಮಾತು ಗಟ್ಟಿ ಮಾಡುತ್ತಾರೆ. ನೀನು ಬರುವ ಅಗತ್ಯವಿಲ್ಲ. ಫೋನೂ ಮಾಡಬೇಡ.

ಗುರುಲಿಂಗ

•

ಗದ್ವಾಲ
13 ಸೆಪ್ಟೆಂಬರ್ 2024

ಅಣ್ಣ,

ಹನ್ನೊಂದು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ, ಅತ್ತಿಗೆ ಎತ್ತಿ ಕಟ್ ಮಾಡಿದರು. ಯಂತ್ರ ನಿನ್ನೆ ನನ್ನ ಕೈಗೆ ಮರಳಿ ಬಂತು. ಭುವಿ ಮಾತಾಡುವಾಗ ನಾಲಿಗೆ ಒಣಗಿ ಅಂಟಿಕೊಳ್ಳುತ್ತಿತ್ತು, ಎದ್ದು ನಿಂತರೆ ಗೋಡೆ ಹಿಡಿಯುತ್ತಿದ್ದಳು ಎಂದು ಅಯ್ಯನವರು ಹೇಳಿದರು. ಅದನ್ನು ಕೇಳಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ.

ಈ ಕಾಗದವನ್ನು ನಾರಾಯಣಪೇಟೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಸಂಜೆಗೆ ನಿನ್ನ ಅಂಗಡಿಗೆ ಮುಟ್ಟುತ್ತದೆ. ನಾಳೆಯೊಳಗೆ ನೀನೇ ಆಸ್ಪತ್ರೆಗೆ ಕರೆದುಕೊಂಡು ಹೋದರೆ ನಾನು ನನ್ನ ಮನೆಯಲ್ಲಿರುತ್ತೇನೆ. ಹೋಗದಿದ್ದರೆ ಭಾನುವಾರ ಬರುತ್ತೇನೆ. ಬಾಗಿಲು ಹಾಕಿಕೊಂಡರೆ ಕಟ್ಟೆಯ ಮೇಲೆ ನಿಂತು ಕೂಗುತ್ತೇನೆ. ನನ್ನನ್ನು ಬಾಯಿಲ್ಲದವಳನ್ನಾಗಿ ಮಾಡಿದ್ದೆ. ಇಡೀ ನಾರಾಯಣಪೇಟೆ ಈಗ ಕೇಳಲಿ.

ಉಮಾ

•

ರಾಯಚೂರು, ಆಸ್ಪತ್ರೆಯಿಂದ
19 ಸೆಪ್ಟೆಂಬರ್ 2024

ಉಮಾ,

ಭುವಿ ನಿನ್ನೆ ವಾರ್ಡಿಗೆ ಬಂದಳು. ಇವತ್ತು ಎರಡು ಇಡ್ಲಿ ತಿಂದಳು. ಮೊದಲು ಇದನ್ನು ತಿಳಿಸಬೇಕೆನಿಸಿತು.

ನೀನು ಜನರೆದುರು ನನ್ನ ಮಾನ ಕಳೆದೆ, ಅದನ್ನೇ ಬರೆಯಬೇಕೆಂದು ಪೆನ್ನು ಹಿಡಿದವನು ನಾನು. ಭಾನುವಾರದಿಂದ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಬೀಗಿತಿ ಬೆಳ್ಳಿಯ ಬಟ್ಟಲಿನಿಂದ ಸಕ್ಕರೆ ತೆಗೆದು ಭುವಿಯ ತುಟಿಯ ಹತ್ತಿರ ತಂದಾಗ ನೀನು ಹೋಗಿ ಆಕೆಯ ಮುಂಗೈ ಹಿಡಿದೆ. ಎಲ್ಲರೂ ನೋಡುತ್ತಿದ್ದಂತೆ ಮೊದಲು ನಿನ್ನ ಬೆರಳು ಚುಚ್ಚಿಕೊಂಡೆ. "ನನಗ ಹನ್ನೆರಡನೇ ವರ್ಷದಿಂದ ಶುಗರ್ ಐತಿ. ನಂದು ನೂರಾ ಎಪ್ಪತ್ತು ತೋರಸ್ತದ. ಈಗ ಹುಡುಗಿದು ನೋಡ್ರಿ" ಎಂದೆ. ಭುವಿ ತಾನಾಗಿಯೇ ಕೈ ಮುಂದೆ ಚಾಚಿದಳು. ಅದು ನನಗೆ ಸೂಜಿಗಿಂತ ಹೆಚ್ಚು ಚುಚ್ಚಿತು. ಯಂತ್ರದಲ್ಲಿ ಅಂಕಿಯೇ ಬರಲಿಲ್ಲ, ಅಳತೆ ಮೀರಿದೆ ಎಂದಷ್ಟೇ ತೋರಿಸಿತು. ಐಜದವರು ತಮ್ಮತಮ್ಮೊಳಗೆ ತೆಲುಗಿನಲ್ಲಿ ಮಾತಾಡಿಕೊಂಡು ಎದ್ದರು. ನಾನು ನಿನ್ನ ಕೆನ್ನೆಗೆ ಹೊಡೆದೆ. ನೀನು ಕೆನ್ನೆ ಕೂಡ ಮುಟ್ಟಿಕೊಳ್ಳಲಿಲ್ಲ. "ಹೊಡಿ. ಹೊಡದು ಮುಗಿಸಿ ಗಾಡಿ ತರಸು" ಎಂದೆ. ಅಷ್ಟರಲ್ಲಿ ಭುವಿ ವಾಂತಿ ಮಾಡಿಕೊಂಡು ಕುಸಿದಳು.

ಇನ್ನೆರಡು ದಿನ ಬಿಟ್ಟಿದ್ದರೆ ಇಲ್ಲಿಗೆ ತರುವ ಕೆಲಸವೇ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅವರ ಮುಂದೆ ತಲೆ ತಗ್ಗಿಸಿ ನಿಂತಿದ್ದೆ. ನಿನಗೆ ಹೊಡೆದ ಕೈಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಐಜದವರು ಸಂಬಂಧ ಬೇಡವೆಂದು ಹೇಳಿ ಕಳಿಸಿದ್ದಾರೆ. ಅವರು ದೂರದವರು, ಬಿಡು. ಊರಲ್ಲಿ ನಾವು ಕಾಮಾಲೆ ಎಂದು ಹೇಳಿದ್ದೇವೆ, ಜನ ನಂಬಿದ್ದಾರೆ. ಮುಂದಿನ ವಾರ ಮನೆಗೆ ಬಿಡುತ್ತಾರಂತೆ. ಅಂಗಡಿಯವರು, ನೆಂಟರು, ಮನೆಗೆ ಬಂದು ಹೋಗುವವರು ಬಹಳ. ಫ್ರಿಜ್ಜಿನಲ್ಲಿಟ್ಟರೆ ಯಾರಾದರೂ ನೋಡುತ್ತಾರೆ. ಆ ಮರಳಿನ ಮಡಕೆಯನ್ನು ಹೇಗೆ ಮಾಡುತ್ತಿದ್ದೆ, ಮರಳಿಗೆ ಎಷ್ಟು ನೀರು ಹಾಕಬೇಕು, ಬರೆದು ತಿಳಿಸು.

ನಿನ್ನ ಅಣ್ಣ
ಗುರುಲಿಂಗ

•

ಗದ್ವಾಲ
24 ಸೆಪ್ಟೆಂಬರ್ 2024

ಅಣ್ಣ,

ಭುವಿ ಇಡ್ಲಿ ತಿಂದಳು ಎಂಬ ಸಾಲನ್ನು ಓದಿ ಅತ್ತುಬಿಟ್ಟೆ. ಮಡಕೆಯ ಸಾಲಿಗೆ ಬಂದಾಗ ಕಾಗದ ಹರಿದು ಒಲೆಗೆ ಹಾಕಬೇಕೆನಿಸಿತು.

ನೀನು ಹೊಡೆದದ್ದನ್ನು ಮರೆಯಬಲ್ಲೆ. ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದವನ ಕೈ ಅದು. ಆದರೆ ಸಾವಿನ ಬಾಯಿಂದ ಹೊರಗೆ ಬಂದ ಹುಡುಗಿಗೆ ಮಡಕೆ ಹುಡುಕುತ್ತೀಯಲ್ಲ, ಇದನ್ನು ಹೇಗೆ ಮರೆಯಲಿ? ನನಗೆ ಆ ಮಡಕೆಯೊಳಗೆ ಏನೇನು ಹೂತುಹೋಯಿತು ಗೊತ್ತೇ? ಔಷಧಿಯ ಜೊತೆ ನನ್ನ ನಾಲ್ಕು ವರ್ಷ ಹೋಯಿತು. ಮದುವೆ ಮನೆಗಳಲ್ಲಿ ನಾಲ್ಕು ಜನರ ಜೊತೆ ಕುಳಿತು ನೆಮ್ಮದಿಯಿಂದ ಉಂಡಿಲ್ಲ. ಗಂಡನ ಜೊತೆ ಜಗಳವಾಡಲೂ ಹೆದರಿದೆ, ಸಿಟ್ಟಿನಲ್ಲಿ ಎಲ್ಲಿ ಹೇಳಿಬಿಡುತ್ತಾರೋ ಎಂದು. ಹೊಟ್ಟೆಯಲ್ಲಿ ನಿಂತ ಎರಡು ಜೀವ ಹೋದವು. ಕಾಯಿಲೆ ನನ್ನನ್ನು ಇಷ್ಟು ಹಣ್ಣು ಮಾಡಿರಲಿಲ್ಲ ಅಣ್ಣ, ನಿನ್ನ ಮರ್ಯಾದೆ ಮಾಡಿತು. ಸೂಜಿ ದಿನಕ್ಕೆ ಎರಡು ಸಲ ನೋಯಿಸುತ್ತದೆ. ಮುಚ್ಚಿಡುವುದು ದಿನವಿಡೀ.

ಮಡಕೆ ಒಡೆದು ಹಾಕಿದ್ದೇನೆ. ಮರಳಿಗೆ ಎಷ್ಟು ನೀರು ಎಂದು ಹೇಳುವುದಿಲ್ಲ, ಸತ್ತರೂ ಹೇಳುವುದಿಲ್ಲ.

ಬೇಕಾದ್ದನ್ನು ಹೇಳುತ್ತೇನೆ. ಫ್ರಿಜ್ಜಿನ ಬಾಗಿಲಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ಔಷಧಿ ಇಡು. ಭುವಿ ಪಡಸಾಲೆಯಲ್ಲಿ ಕುಳಿತು ಚುಚ್ಚಿಕೊಳ್ಳಲಿ, ನೀನು ಪಕ್ಕದಲ್ಲಿ ಕುಳಿತುಕೋ. ಮೊದಲ ಕೆಲವು ದಿನ ಅವಳ ಕೈ ನಡುಗುತ್ತದೆ, ನನಗೂ ನಡುಗುತ್ತಿತ್ತು, ಆಗ ನೀನೇ ನನ್ನ ಕೈ ಹಿಡಿದಿದ್ದೆ. ಅವಳ ಕಾಲೇಜಿನ ಚೀಲದಲ್ಲಿ ಯಾವಾಗಲೂ ಸಕ್ಕರೆಯ ಪೊಟ್ಟಣವಿರಲಿ, ಅವಳ ಗೆಳತಿಯರಿಗೂ ಗೊತ್ತಿರಲಿ. ಕಾಮಾಲೆ ಎಂದು ನಂಬಿಸಿದವರ ಮನೆಗೆಲ್ಲ ಹೋಗಿ, ಅಲ್ಲ, ಶುಗರ್ ಎಂದು ನಿನ್ನ ಬಾಯಿಂದಲೇ ಹೇಳು. ನಾಚಿಕೆಯಾಗುತ್ತದೆ. ಆಗಲಿ. ಮುಂದೆ ಸಂಬಂಧ ಬಂದಾಗ ಮೊದಲ ಮಾತೇ ಇದಾಗಿರಲಿ, ಚಹಾ ಕುಡಿದು ಏಳುವವರು ಏಳಲಿ. ಅವರ ಜೊತೆ ಹೋಗಿ ಸಾಯುವುದಕ್ಕಿಂತ ಅವರ ಎಂಜಲು ಲೋಟ ತೊಳೆಯುವುದು ಸುಲಭ. ಮತ್ತು ಅವಳ ಕೊರಳಿನ ಲಿಂಗ ಮುಟ್ಟಿಸಿ ಏನನ್ನಾದರೂ ಹೇಳಿಸಿಕೊಂಡರೆ ಈ ಜನ್ಮದಲ್ಲಿ ನಿನ್ನ ಮುಖ ನೋಡುವುದಿಲ್ಲ.

ಇಷ್ಟು ಬರೆದು ಮುಗಿಸುವಾಗ ಅತ್ತೆ ಎದುರಿಗೆ ಕುಳಿತು ಹೆಸರುಕಾಳು ಹಸನು ಮಾಡುತ್ತಿದ್ದರು. "ಏನ್ ಬರ್ಯಾಕ ಹತ್ತಿದಿ? ನನಗ ತಿಳೀದಂಗ ಇನ್ನೂ ಏನರ ಐತೇನು? ಓದು" ಎಂದರು. ಈ ಕನ್ನಡ ಅಕ್ಷರಗಳ ಹಿಂದೆ ಅಡಗಿಕೊಂಡದ್ದು ಸಾಕೆನಿಸಿತು. ಮೊದಲ ಸಾಲಿನಿಂದ ಓದಿದೆ. ಹಿಂದಿನ ಕಾಗದಗಳಲ್ಲಿ ಏನು ಬರೆದಿದ್ದೆನೆಂದೂ ಹೇಳಿದೆ, ಹೋಳಿಗೆಗಾಗಿ ಅವರು ಕೈಗೆ ಹೊಡೆದದ್ದನ್ನೂ, ಮೋರಿಗೆ ಔಷಧಿ ಸುರಿದದ್ದನ್ನೂ. ಅವರ ಮುಖ ಗಂಟಾಯಿತು. ಮೊರ ಕೆಳಗಿಟ್ಟು ಒಳಗೆ ಹೋದರು. ಮುನಿಸಿಕೊಂಡರು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಒಂದು ರೊಟ್ಟಿ, ಪಲ್ಯ ತಂದು ನನ್ನ ಮುಂದಿಟ್ಟು, ಚುಚ್ಚಿಕೊಂಡು ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಿದರು. ಆಮೇಲೆ ನಿಮ್ಮಣ್ಣನಿಗೆ ನನ್ನದೂ ಒಂದು ಮಾತು ಬರೆ ಎಂದರು. ಅವರು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ:

"ಹುಡುಗಿಗಿ ಹೊತ್ತಿಗೆ ಸರಿಯಾಗಿ ಉಣ್ಣಾಕ ಹಾಕ್ರಿ. ಅಯ್ಯಾರು ಬರಲಿ, ಬೀಗರು ಬರಲಿ, ಶಿವನ ಬರಲಿ, ಯಾರ ದಾರಿನೂ ಕಾಯಬ್ಯಾಡ್ರಿ."

ನಿನ್ನ ತಂಗಿ
ಉಮಾಶ್ರೀ